ಜಗಳಾಡೋರನ್ನ ಕರಕೊಂಡು ಬರ್ರಿ

ಬೆಟಗೇರಿಯ ನೇಕಾರರ ಓಣಿಯ ಬಾಯಿಗಿದ್ದ ದವಾಖಾನೆಯ ಬೋರ್ಡನ್ನು ಇಳಿಸಿದ ದಿನ ನಮ್ಮ ಅತ್ತೆ ಊಟಕ್ಕೆ ಒಂದು ರೊಟ್ಟಿ ಹೆಚ್ಚಿಗೆ ತಿಂದರು. ದುಃಖವಾದರೆ ಜನ ಊಟ ಬಿಡುತ್ತಾರೆ, ನಮ್ಮ ಅತ್ತೆಯದು ಎಲ್ಲಾ ಉಲ್ಟಾ. ಖಡಕ್ ರೊಟ್ಟಿಯನ್ನು ಕಟಮ್ ಕಟಮ್ ಎಂದು ಕಡಿಯುತ್ತ, "ಆ ಬಾಯಾರು ಇರಲಿಲ್ಲಂದ್ರ ಈ ರೊಟ್ಟಿ ಎಲ್ಲೈತಿ, ಈ ತಾಟ ಎಲ್ಲೈತಿ, ನನಗ ಕಾಣ್ತಿರಲಿಲ್ಲ ನೋಡವಾ" ಎಂದರು. ಅದೇ ಉಸಿರಿನಲ್ಲಿ, "ಚಟ್ನಿಗೆ ಬಳ್ಳೊಳ್ಳಿ ಸಾಲದು" ಎಂದೂ ಅಂದರು. ನಾನು ಸುಮ್ಮನೆ ಕೂತೆ ಅಂದುಕೊಂಡಿರಾ? "ನಾಳಿಂದ ನೀವ ಕುಟ್ರಿ" ಎಂದೆ. ನಮ್ಮ ಮನೆ ಇರುವುದೇ ಹೀಗೆ. ಬಾಯಾರಿಗೆ ನಮ್ಮ ಮನೆ ಹಿಡಿಸಿದ್ದೂ ಇದಕ್ಕೇ.

ಬಾಯಾರು ಅಂದರೆ ನಮ್ಮ ಡಾಕ್ಟರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಅವರಿಗೆ ಅದು ಸೇರುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಗಿಡ್ಡ ಆಳು, ದಪ್ಪ ಕನ್ನಡಕ, ಓಣಿಯಲ್ಲೇ ನೇಯ್ದ ನೂಲಿನ ಸೀರೆ. ಮದುವೆ ಮಾಡಿಕೊಳ್ಳಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ನಮ್ಮ ಅತ್ತೆಯೊಬ್ಬರಿಗೆ ಮಾತ್ರ ಇತ್ತು. "ಪುರುಸೊತ್ತ ಸಿಗಲಿಲ್ಲವಾ" ಎಂದು ನಕ್ಕುಬಿಟ್ಟರಂತೆ. ಕುರ್ಚಿ ರೋಗಿಗೆ, ತಮಗೆ ಸ್ಟೂಲು. ಕಿವಿಗೆ ಹಾಕಿಕೊಳ್ಳುವ ಆ ನಳಿಗೆಯನ್ನು ಕೊರಳಲ್ಲೇ ಮರೆತು ಕಾಯಿಪಲ್ಲೆ ಸಂತೆಗೆ ಬರುತ್ತಿದ್ದರು. ಬದನೆಕಾಯಿ ಮಾರುವಾಕೆ ಒಂದು ಸಲ, "ಬಾಯಾರ, ಬದನಿಕಾಯಿಗೂ ಎದಿ ಬಡಿತ ನೋಡ್ತೀರೇನ್ರಿ?" ಎಂದು ಕೇಳಿದ್ದು ಓಣಿಯಲ್ಲೆಲ್ಲ ಸುತ್ತಾಡಿ ನಮ್ಮ ಮನೆಗೂ ಬಂದಿತ್ತು. ಇನ್ನು ಚಾ. ಎದುರಿನ ಹೋಟೆಲಿನಿಂದ ಬೆಳಗಿನಿಂದ ಸಂಜೆಯತನಕ ಗಾಜಿನ ಗ್ಲಾಸಿನಲ್ಲಿ ಕೆಂಪಗೆ ಕುದಿಸಿದ ಚಾ ಬರುತ್ತಲೇ ಇರುತ್ತಿತ್ತು. ಚಾ ಇಲ್ಲದೆ ಬಾಯಾರು ಯಾರದಾದರೂ ನಾಡಿ ಹಿಡಿದದ್ದನ್ನು ನಾನಂತೂ ನೋಡಿಲ್ಲ.

ಜ್ವರ, ಕೆಮ್ಮು, ಹೊಟ್ಟೆ, ಎಲ್ಲವನ್ನೂ ನೋಡುತ್ತಿದ್ದರು. ಆದರೆ ಹೆಸರಾದದ್ದು ಹಳೆಯ ತಲೆನೋವಿಗೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಮೊದಲ ಬಸ್ಸಿಗೇ ಜನ ಬಂದಿಳಿಯುತ್ತಿದ್ದರು. ಕೈಯಲ್ಲಿ ದೊಡ್ಡ ದೊಡ್ಡ ಪ್ಲಾಸ್ಟಿಕ್ ಚೀಲ, ಅದರೊಳಗೆ ಹುಬ್ಬಳ್ಳಿಯಲ್ಲಿ ತೆಗೆಸಿದ ತಲೆಯ ಫೋಟೋಗಳು. ಬಾಯಾರು ಚೀಲವನ್ನು ಒತ್ತಟ್ಟಿಗೆ ಇಡಿಸಿ ಮೊದಲು ಮಾತಿಗೆ ಕೂರುತ್ತಿದ್ದರು. ತೊಂದರೆ ಶುರುವಾಗುತ್ತಿದ್ದದ್ದು ಅಲ್ಲಿಯೇ.

ಯಾಕೆಂದರೆ ನಮ್ಮ ಕಡೆ ಜನ ಡಾಕ್ಟರ ಮುಂದೆ ಸುಳ್ಳು ಹೇಳುತ್ತಾರೆ. ಮೋಸದ ಸುಳ್ಳಲ್ಲ, ಮರ್ಯಾದೆಯ ಸುಳ್ಳು. ತಲೆ ಸಿಡಿದುಹೋಗುವ ಹಾಗೆ ನೋಯುತ್ತಿರುತ್ತದೆ, ಹಣೆಗೆ ಅರಿವೆ ಬಿಗಿದುಕೊಂಡಿರುತ್ತಾರೆ, ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿಂತು ಬಂದಿರುತ್ತಾರೆ. "ಹೆಂಗದೀರಿ?" ಎಂದರೆ "ಆರಾಮ ಅದೀನ್ರಿ" ಎನ್ನುತ್ತಾರೆ. "ನಿದ್ದಿ?" "ಚಲೋ ಬರ್ತೈತ್ರಿ." "ಊಟ?" "ಏನೂ ಕಡಿಮಿ ಇಲ್ರಿ." "ಮನ್ಯಾಗ?" "ಎಲ್ಲಾ ಆರಾಮ್ರಿ, ತಲಿ ಒಂದ ಅಷ್ಟ ನೋಡ್ರಿ." ಪರರ ಮುಂದೆ ಮನೆಯ ಗಂಟು ಬಿಚ್ಚಬಾರದು ಎಂದು ಹಿರಿಯರು ಕಲಿಸಿದ್ದಾರಲ್ಲ. ಬಾಯಾರು ಚಾ ಗುಟುಕರಿಸುತ್ತ, "ಇಷ್ಟೆಲ್ಲಾ ಆರಾಮ ಇದ್ದೋರು ನನ್ನ ಕಡೆ ಯಾಕ ಬಂದ್ರಿ?" ಎಂದು ನಗುತ್ತಿದ್ದರು. ಆಮೇಲೆ ತಮ್ಮ ಪ್ರಸಿದ್ಧ ಪ್ರಶ್ನೆ ಕೇಳುತ್ತಿದ್ದರು.

"ನಿಮ್ಮ ಜೋಡಿ ಮನ್ಯಾಗ ಯಾರು ಜಗಳಾ ಆಡ್ತಾರ? ಅವರನ್ನ ಕರಕೊಂಡು ಬರ್ರಿ. ಆಮ್ಯಾಲ ತಲಿ ನೋಡೂಣು."

ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು. ಗೊತ್ತಿದ್ದವರು ಮೊದಲೇ ಜೋಡಿಯಾಗಿ ಬರುತ್ತಿದ್ದರು. ಹೀಗಾಗಿ ಆ ದವಾಖಾನೆಯ ಬೆಂಚಿನ ಮೇಲೆ ಯಾವಾಗ ನೋಡಿದರೂ ಒಬ್ಬರ ಮುಖ ಇನ್ನೊಬ್ಬರು ನೋಡದೆ ಕೂತ ಜೋಡಿಗಳೇ ಇರುತ್ತಿದ್ದವು.

ನಾನು ರೊಟ್ಟಿ ಬಡಿದು ಮಾರುವಾಕೆ. ಗದಗಿನ ಖಾನಾವಳಿಗಳಿಗೆ, ಕಿರಾಣಿ ಅಂಗಡಿಗಳಿಗೆ ನಮ್ಮ ಮನೆಯಿಂದಲೇ ಖಡಕ್ ರೊಟ್ಟಿ ಹೋಗುತ್ತದೆ. ಬಾಯಾರು ನಮ್ಮ ಗಿರಾಕಿಯಾದ ಮೇಲೆ ವಾರವಾರ ರೊಟ್ಟಿ ಕೊಡಲು ಹೋಗಿ ಆ ಬೆಂಚಿನ ಮೇಲೆ ಕೂತು ಕಂಡ ತಮಾಷೆಗಳಿಗೆ ಲೆಕ್ಕವಿಲ್ಲ. ಅಡ್ಡಕ್ಕೆ ಒಂದು ಪರದೆ ಇತ್ತು, ನಿಜ. ಆದರೆ ಜಗಳವನ್ನು ಪರದೆ ತಡೆಯುತ್ತದೆಯೇ?

ಒಂದು ದಿನ ಲಕ್ಷ್ಮೇಶ್ವರದ ಅರಿವೆ ಅಂಗಡಿಯ ಸಾವುಕಾರರೊಬ್ಬರು ತಮ್ಮನನ್ನು ಕರೆದುಕೊಂಡು ಬಂದಿದ್ದರು. ಸಾವುಕಾರರಿಗೆ ಬೆಳಿಗ್ಗೆ ಎದ್ದ ಕೂಡಲೇ ತಲೆಯ ಮೇಲೆ ಜೋಳದ ಚೀಲ ಇಟ್ಟ ಹಾಗೆ ಭಾರ, ಬಿಸಿಲೇರಿದ ಮೇಲೆ ತಾನಾಗಿಯೇ ಇಳಿಯುತ್ತಿತ್ತು. ಕನ್ನಡಕ ಬದಲಿಸಿದ್ದರು, ದೇವರಿಗೆ ಹರಕೆ ಹೊತ್ತಿದ್ದರು, ಮನೆಯ ಬಾಗಿಲಿನ ದಿಕ್ಕನ್ನೂ ಬದಲಿಸಿದ್ದರು. ನಿದ್ದೆ ಹೇಗೆ ಎಂದರೆ, "ನಿದ್ದಿಗೆ ಏನೂ ಕಡಿಮಿ ಇಲ್ರಿ" ಎಂದರು. ತಮ್ಮ ಒಮ್ಮೆಲೇ ಸಿಡಿದ.

"ನಿನಗ ಕಡಿಮಿ ಇಲ್ಲೋ ಯಣ್ಣಾ, ನಮಗ ಐತಿ! ಬಾಯಾರ, ಇಂವಾ ಮಲಗಿದ್ರ ಹಿಟ್ಟಿನ ಗಿರಣಿ ಚಾಲೂ ಆದಂಗ ರೀ. ನಡುವ ಒಮ್ಮೆಲೆ ಗಿರಣಿ ಬಂದ್. ಉಸರ ಇಲ್ಲ! ಹೋದ್ನೇನಪಾ ಅಂತ ನಾವೆಲ್ಲಾ ಎದ್ದ ಕುಂದ್ರೂದು. ಆಮ್ಯಾಲ ಗರ್ ಅಂತ ಮತ್ತ ಚಾಲೂ. ಹಗಲೊತ್ತು ಗಿರಾಕಿ ಮುಂದ ಸೀರಿ ಬಿಚ್ಚಿ ಹಿಡಕೊಂಡ ತೂಕಡಿಸ್ತಾನ. ಅಂಗಡಿ ಪಾಲು ಮಾಡಿಕೊಡು ಅಂದ್ರ ನಾ ಕೆಟ್ಟಾಂವ!"

ಒಳಗಿನಿಂದ ಚಪ್ಪಾಳೆ ಕೇಳಿಸಿತು. ಬಾಯಾರು! "ಸಿಕ್ತು, ಸಿಕ್ತು! ತಮ್ಮಾ, ನಿನ್ನ ಬಾಯಿಗೆ ಸಕ್ಕರಿ ಹಾಕಬೇಕು." ಮಲಗಿದಾಗ ಗಂಟಲ ದಾರಿ ಮುಚ್ಚಿ ಉಸಿರು ನಿಂತು ನಿಂತು ಹೋಗುತ್ತದೆ, ತಲೆಗೆ ಚಲೋ ಗಾಳಿ ಸಿಗುವುದಿಲ್ಲ, ಬೆಳಗಿನ ಭಾರ ಅದರದೇ ಎಂದು ಇಬ್ಬರಿಗೂ ತಿಳಿಸಿ ಹೇಳಿದರು. ನಿದ್ದೆಯ ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ಈಗ ಸಾವುಕಾರರು ಮೂಗಿಗೆ ಯಂತ್ರ ಹಾಕಿಕೊಂಡು ಮಲಗುತ್ತಾರಂತೆ, ಹೊಟ್ಟೆಯೂ ಇಳಿದಿದೆಯಂತೆ. ಅಂಗಡಿ ಇನ್ನೂ ಪಾಲಾಗಿಲ್ಲ, ಜಗಳ ಹಾಗೆಯೇ ಚಾಲೂ ಇದೆ.

ಶಿರಹಟ್ಟಿ ಕಡೆಯ ಶಾಲೆಯಲ್ಲಿ ಕಲಿಸುವ ಅಕ್ಕಾರೊಬ್ಬರದು ಇನ್ನೊಂದು ನಮೂನೆ. ದಿನಾ ತಲೆನೋವು, ದಿನಾ ಚಾದ ಜೊತೆ ಗುಳಿಗೆ. ಗುಳಿಗೆಯ ಮಾತನ್ನು ಅಕ್ಕಾರು ಎತ್ತಲೇ ಇಲ್ಲ. ಜೊತೆಗೆ ಬಂದ ನಾದಿನಿ ಎತ್ತಿದಳು. "ನಮ್ಮ ವೈನಿ ಗುಳಿಗಿ ತಿನ್ನೂದು ನೋಡಬೇಕ್ರಿ, ಮಂದಿ ಚುರುಮುರಿ ತಿಂದಂಗ! ನಾ ಒಂದ ಕೇಳಿದ್ರ ಕೊಡೂದಿಲ್ಲ, ಮುಗೀತಾವಂತ!" ಬಾಯಾರು ಅಕ್ಕಾರ ಕೈ ಹಿಡಿದು, "ಮೊದಲ ತಲಿನೋವಿಗೆ ಗುಳಿಗಿ ತಗೊಂಡ್ರಿ. ಈಗ ಆ ಗುಳಿಗಿನ ತಲಿನೋವು ತರಾಕತ್ತೈತಿ. ನಾ ಹೇಳಿದಂಗ ಬಿಡಸೂಣು. ಮೊದಮೊದಲು ಭಾಳ ತ್ರಾಸ ಆಗತೈತಿ, ಬಂದು ನನ್ನ ಬೈರಿ, ಆದ್ರ ಗುಳಿಗಿ ಮುಟ್ಟಬ್ಯಾಡ್ರಿ" ಎಂದರು. ಅಕ್ಕಾರು ಆಮೇಲೆ ನನ್ನ ಕಡೆಯಿಂದಲೂ ರೊಟ್ಟಿ ಒಯ್ಯತೊಡಗಿದರು. ಚುರುಮುರಿ ಎಂದರೆ ಈಗಲೂ ನಾಚುತ್ತಾರೆ.

ಎಲ್ಲ ತಲೆನೋವಿಗೂ ಒಳಗೊಂದು ಕಾರಣ ಅಡಗಿಕೊಂಡು ಕೂತಿರುತ್ತದೆ ಎಂದು ಬಾಯಾರು ಯಾವತ್ತೂ ಹೇಳಲಿಲ್ಲ. ಎಷ್ಟೋ ಜನರಿಗೆ ಬರೀ ಅರೆತಲೆನೋವು, ಅದಕ್ಕೆ ಔಷಧ ಕೊಟ್ಟು ಕಳಿಸುತ್ತಿದ್ದರು. ಕೆಲವರ ಮುಂದೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, "ನನಗ ತಿಳೀವಲ್ದು, ನನಗಿಂತ ತಿಳಿದೋರ ಕಡೆ ಕಳಸ್ತೀನಿ" ಎಂದು ಹೇಳಿಬಿಡುತ್ತಿದ್ದರು. ಅದನ್ನು ಹೇಳುವಾಗ ಅವರ ದನಿ ಕುಗ್ಗುತ್ತಿರಲಿಲ್ಲ. ನನಗೆ ಅವರ ಮೇಲೆ ನಂಬಿಕೆ ಗಟ್ಟಿಯಾದದ್ದು ಇದನ್ನು ಕೇಳಿದ ಮೇಲೆಯೇ.

ಇನ್ನು ನಮ್ಮ ಮನೆಯ ಮಾತು.

ನಮ್ಮ ಅತ್ತೆ ಕಣಗಿನಹಾಳದ ಮಗಳು. ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದವರೇ ಅವರು. ನನ್ನ ತವರಿನವರು ಬಡಿಯುವುದು ದಪ್ಪ ರೊಟ್ಟಿ. ಅದನ್ನು ನೋಡಿ "ಇದೇನ ಸಗಣಿ ಕುಳ್ಳ ತಟ್ಟೀಯೇನು?" ಎಂದು ಮೊದಲ ದಿನವೇ ಕೇಳಿದ್ದರು. ಅವರ ಕೈಯಲ್ಲಿ ಪಳಗಿ ನನ್ನ ರೊಟ್ಟಿ ಹಾಳೆಯಂತಾಯಿತು. ಎಪ್ಪತ್ತು ದಾಟಿದರೂ ಅತ್ತೆಯ ಹಲ್ಲು ಗಟ್ಟಿ. ಮದುವೆ ಮನೆಗಳಲ್ಲಿ ತಮ್ಮ ವಾರಿಗೆಯವರು ರೊಟ್ಟಿಯನ್ನು ಸಾರಿನಲ್ಲಿ ನೆನೆಸುವುದನ್ನು ನೋಡಿ, "ಪಾಪ, ಹಲ್ಲಿಲ್ಲದೋರು" ಎಂದು ಮರುಗಿದವರಂತೆ ಮಾಡಿ, ಎಲ್ಲರಿಗೂ ಕೇಳಿಸುವ ಹಾಗೆ ಖಡಕ್ ರೊಟ್ಟಿ ಮುರಿಯುತ್ತಿದ್ದರು. ಅವರ ಗತ್ತೆಲ್ಲ ಆ ಸಪ್ಪಳದಲ್ಲಿತ್ತು.

ಅಂಥವರಿಗೆ ತಲೆನೋವು ಹತ್ತಿತು. ಎರಡೂ ಕಣತಲೆಯ ಮೇಲೆ, ಕಿವಿಯ ಮುಂದೆ. ಒಂದು ತಿಂಗಳಾಯಿತು, ಎರಡಾಯಿತು, ಬಿಡಲಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆವು. ಹಣೆಗೆ ಶುಂಠಿ ತೇಯ್ದು ಹಚ್ಚಿದೆವು. ಬಿ.ಪಿ. ನೋಡಿಸಿದೆವು, ಹೆಚ್ಚಿರಲಿಲ್ಲ. ದವಡೆಯ ಹಲ್ಲಿನದಿರಬೇಕು ಎಂದು ಯಾರೋ ಅಂದರು, ಹಲ್ಲಿನ ಡಾಕ್ಟರು ನೋಡಿ "ಅಜ್ಜಿ ಹಲ್ಲು ನನ್ನ ಹಲ್ಲಿಗಿಂತ ಚಲೋ ಅದಾವ" ಎಂದರು. ವಯಸ್ಸಾಯಿತಲ್ಲ ಎಂದು ನಾವೆಲ್ಲ ಸುಮ್ಮನಾದೆವು.

ಇದರ ಜೊತೆಗೇ ಮನೆಯಲ್ಲಿ ಇನ್ನೊಂದು ಯುದ್ಧ ಹತ್ತಿಕೊಂಡಿತು, ರೊಟ್ಟಿಯ ಯುದ್ಧ. ಅತ್ತೆ ಒಂದು ದಿನ ತಾಟು ಸರಿಸಿ, "ಇದೇನ ರೊಟ್ಟಿಯೋ, ಹಂಚೋ? ಕಡ್ಯಾಕ ಆಗವಲ್ದು" ಎಂದರು. ಮರುದಿನ ತೆಳ್ಳಗೆ ಬಡಿದೆ. ಅದಕ್ಕೂ ಅದೇ ಮಾತು. ಬರೀ ಮನೆಯಲ್ಲಿ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ರೊಟ್ಟಿ ಒಯ್ಯಲು ಬಂದ ಖಾನಾವಳಿಯವನ ಎದುರಿಗೇ, "ನಮ್ಮ ಸೊಸಿ ಕೈ ಕೆಟ್ಟೈತಿ ನೋಡಪಾ" ಎಂದುಬಿಟ್ಟರು. ರೊಟ್ಟಿ ಮಾರಿ ಬದುಕುವಾಕೆಗೆ ಇದಕ್ಕಿಂತ ದೊಡ್ಡ ಬೈಗುಳ ಇದೆಯೇ? ಅವತ್ತು ನಾನು ಕಂಬಿ ತಪ್ಪಿದ ರೈಲಿನ ಹಾಗೆ ಒದರಿದೆ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಕಾರ್ಡು ಅಚ್ಚು ಹಾಕುವವರು. ಮನೆಯಲ್ಲಿ ಜೋರು ದನಿ ಎದ್ದರೆ ಅವರಿಗೆ ಪ್ರೆಸ್ಸಿನ ಕೆಲಸ ನೆನಪಾಗುತ್ತದೆ.

ತಲೆನೋವು ದವಾಖಾನೆಯ ವಿಷಯ, ರೊಟ್ಟಿ ಅಡುಗೆಮನೆಯ ವಿಷಯ. ಒಂದಕ್ಕೊಂದು ಸಂಬಂಧವಿದೆ ಎಂದು ಯಾರಿಗೆ ಹೊಳೆಯಬೇಕು?

ಕೊನೆಗೆ ಮನೆಯವರು ತಾಯಿಯನ್ನು ಬಾಯಾರ ಕಡೆ ಕರೆದೊಯ್ದರು. ಅಲ್ಲಿ ನಡೆದದ್ದನ್ನು ಆಮೇಲೆ ಹೇಳಿದರು. ಅತ್ತೆ ಎಲ್ಲರಂತೆ "ಆರಾಮ ಅದೀನ್ರಿ" ಎಂದರಂತೆ. ಊಟ ಚಲೋ, ನಿದ್ದೆ ಚಲೋ. ಜಗಳಾಡುವವರು ಯಾರು ಎಂದರೆ, "ನಮ್ಮನ್ಯಾಗ ಜಗಳಾನ ಇಲ್ರಿ. ಸೊಸಿ ಬಂಗಾರದಂಥಾಕಿ" ಎಂದರಂತೆ. ಅದೇ ಬಾಯಿ ಅವತ್ತು ಬೆಳಿಗ್ಗೆ ನನ್ನ ರೊಟ್ಟಿಯನ್ನು ಹಂಚು ಎಂದಿತ್ತು! ಬಾಯಾರು ನಮ್ಮ ಮನೆಯವರ ಮುಖ ನೋಡಿದರು. ಅವರು ನೆಲ ನೋಡಿದರು. "ಆ ಬಂಗಾರದಂಥಾಕೀನ್ನ ಫೋನ್ ಹಚ್ಚಿ ಕರಸ್ರಿ" ಎಂದರು ಬಾಯಾರು.

ಲಕ್ಕುಂಡಿಯ ಮದುವೆಗೆ ಬುಟ್ಟಿಗಟ್ಟಲೆ ರೊಟ್ಟಿ ಹೋಗಬೇಕಿತ್ತು, ಒಲೆ ಉರಿಯುತ್ತಿತ್ತು. ಪಕ್ಕದ ಮನೆಯಾಕೆಯನ್ನು ಒಲೆಯ ಮುಂದೆ ಕೂಡಿಸಿ, ಕೈಗೆ ಹಿಟ್ಟು ಮೆತ್ತಿಕೊಂಡೇ ಹೋದೆ. ಸಿಟ್ಟು ನೆತ್ತಿಗೇರಿತ್ತು.

ಬಾಯಾರು ನನ್ನ ಕೈ ನೋಡಿ ನಕ್ಕು, "ಬಾ ತಂಗೀ. ನಿಮ್ಮ ಅತ್ತಿ ಜೋಡಿ ನಿನ್ನ ಜಗಳಾ ಏನು? ಎಲ್ಲಾ ಹೇಳು, ನನಗ ಪುರುಸೊತ್ತೈತಿ" ಎಂದು ಚಾ ಹೇಳಿದರು. ಕೇಳಿದ್ದೇ ತಡ, ನನ್ನ ಬಾಯಿಗೆ ಕಟ್ಟೆ ಎಲ್ಲಿಯದು?

"ಏನ್ ಹೇಳ್ಲಿ ಬಾಯಾರ! ನನ್ನ ರೊಟ್ಟಿ ಹಂಚಂತ್ರಿ! ಗದಗ ತುಂಬ ಮಂದಿ ತಿಂತಾರ, ಇವರಿಗೊಬ್ರಿಗೆ ಕಡ್ಯಾಕ ಆಗೂದಿಲ್ಲ. ಎರಡ ತುತ್ತು ಅಗದು ನಿಂತಬಿಡ್ತಾರ. ದವಡಿ ಹಿಡಕೊಂಡ ಕುಂತು, ಆಮ್ಯಾಲ ಮತ್ತ ಎರಡ ತುತ್ತು. ಉಳಿದದ್ದು ಆಕಳಿಗೆ. ಕುಣೀಲಾರದಾಕಿ ಅಂಗಳ ಡೊಂಕ ಅಂದಿದ್ಲಂತ, ಹಂಗಾತು!"

"ನೀ ಸುಮ್ಕಿರ" ಎಂದರು ಅತ್ತೆ. "ಡಾಕ್ಟರ ಮುಂದ ರೊಟ್ಟಿ ಪಂಚಾಯ್ತಿ ಮಾಡಾಕ ಬಂದೀಯೇನು? ಬಾಯಾರ, ಆಕಿ ಮಾತ ಬಿಡ್ರಿ."

ಬಾಯಾರು ಚಾದ ಗ್ಲಾಸನ್ನು ಕೆಳಗಿಟ್ಟರು. "ಬಿಡೂದಿಲ್ಲ. ಅಗದು ನಿಂತ ಬಿಡ್ತಾರ, ಮತ್ತ ಶುರು ಮಾಡ್ತಾರ. ಹಲ್ಲು ಚಲೋ ಅದಾವ. ಮುಂದ ಹೇಳು."

"ತಲಿ ಬಾಚಾಕ ಹೋದ್ರ ಚೀರ್ತಾರ್ರಿ. ಹಣಗಿ ಮುಟ್ಟಿಸಿದ್ರ ಸಾಕು, 'ಕೂದ್ಲ ಕೀಳ್ತೀ, ನನ್ನ ಕೊಲ್ತೀ' ಅಂತ ಓಣಿಗೆಲ್ಲಾ ಕೇಳೂವಂಗ. ಮುಂಜಾನಿ ಗ್ವಾಡಿ ಮಾಡದ ಮ್ಯಾಲಿನ ಡಬ್ಬಿ ಸುದ್ದಾ ತಾವು ಇಳಿಸಿಕೊಳ್ಳೂದಿಲ್ಲ. 'ಅದನ್ನ ಕೊಡ, ಇದನ್ನ ಕೊಡ' ಅಂತ ಕುಂತಲ್ಲೇ ಹುಕುಂ. ನಾನೇನ ಇವರ ಆಳೇನ್ರಿ?"

"ಕೈ ಮ್ಯಾಲ ಎತ್ತಾಕ ಆಗೂದಿಲ್ಲೇನು ಅವ್ವಾ, ಮುಂಜಾನಿ?" ಬಾಯಾರ ದನಿ ಮೆತ್ತಗಾಗಿತ್ತು. ಅತ್ತೆ ಸೆರಗು ಸರಿಮಾಡಿಕೊಂಡರು.

ನನಗೆ ಇನ್ನೂ ನಿಲ್ಲುವ ಮನಸ್ಸಿರಲಿಲ್ಲ. ಕೊನೆಯ ಬಾಣವನ್ನೂ ಬಿಟ್ಟೆ. "ಮೊನ್ನೆ ಏನ್ ಮಾಡಿದ್ರು ಕೇಳ್ರಿ. ಜೋಳಾ ಹಸನ ಮಾಡಕೋತ ಕುಂತಿದ್ರು. ಒಮ್ಮೆಲೆ, 'ದೀಪ ಯಾಕ ಆರಿಸಿದೇಲೇ?' ಅಂತ ನನಗ ಬೈದ್ರು. ಮಟಮಟ ಮಧ್ಯಾಹ್ನ ಬಾಯಾರ! ಅಂಗಳದಾಗ! ಯಾವ ದೀಪ, ಯಾರು ಆರಸ್ತಾರ? ಜಗಳಾ ತೆಗೀಬೇಕಂದ್ರ ಹಗಲೊತ್ತಿನ್ಯಾಗೂ ದೀಪ ಬೇಕಾತು!"

ಬಾಯಾರು ಸ್ಟೂಲಿನಿಂದ ಎದ್ದು ನಿಂತರು. ಅವರು ಅಷ್ಟು ಜಲ್ದಿ ಏಳುವುದನ್ನು ನಾನು ಕಂಡದ್ದು ಅದೊಂದೇ ಸಲ.

"ಅವ್ವಾ, ಯಾವ ಕಣ್ಣು?"

ಅತ್ತೆ ಅಂಗೈಯಿಂದ ಒಂದು ಕಣ್ಣು ಮುಚ್ಚಿ ತೆಗೆದರು. ಆಮೇಲೆ ಸಣ್ಣ ಹುಡುಗಿಯ ದನಿಯಲ್ಲಿ, "ಬಲಗಣ್ಣು. ಪರದಿ ಇಳಿದಂಗ ಆತು. ಆಮ್ಯಾಲ ತಾನ ಸರಿ ಆತು. ವಯಸ್ಸಾತಲ್ರಿ, ಮಂದಿಗೆ ಏನಂತ ಹೇಳೂದು" ಎಂದರು.

ಬಾಯಾರು ಅತ್ತೆಯ ಎರಡೂ ಕಣತಲೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಸವರಿದರು. ಅತ್ತೆ ಹಲ್ಲು ಕಚ್ಚಿದರು. "ತಂಗೀ, ನೀನೂ ಮುಟ್ಟಿ ನೋಡು" ಎಂದರು. ಕೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡು ಮುಟ್ಟಿದೆ. ಚರ್ಮದ ಕೆಳಗೆ ಒಂದು ನರ ಗಂಟುಗಂಟಾದ ಹುರಿಯ ಹಾಗೆ ಬಿರುಸಾಗಿ ನಿಂತಿತ್ತು. ದಿನಾ ಆ ತಲೆಗೆ ಎಣ್ಣೆ ಹಚ್ಚಿದ ಕೈ ನನ್ನದು.

"ಇದು ರಕ್ತದ ನಾಳ. ಬಾತೈತಿ" ಎಂದರು ಬಾಯಾರು. "ನಮ್ಮ ಕಡೆ ಅಪರೂಪ, ಆದ್ರ ಇರತೈತಿ. ದವಡಿಗೆ ಹೋಗೂ ನಾಳಕ್ಕೂ ಬಾವು ಬಂದೈತಿ, ಅದಕ್ಕ ಅಗ್ಯಾಕ ಶಕ್ತಿ ಸಾಲೂದಿಲ್ಲ. ನಿನ್ನ ರೊಟ್ಟೀದು ಏನೂ ತಪ್ಪಿಲ್ಲ. ಹಿಂಗ ಬಿಟ್ರ ಬಾವು ಕಣ್ಣಿನ ನಾಳಕ್ಕ ಹೋಗತೈತಿ. ಕಣ್ಣು ಹೋದ್ರ ವಾಪಸ್ ಬರೂದಿಲ್ಲ. ಮೊನ್ನೆ ಒಮ್ಮೆ ಪರದಿ ಇಳಿಸಿ ತೋರಿಸೇತಿ."

ಬಾಯಾರು ಆಮೇಲೆ ಒಂದು ಕ್ಷಣವನ್ನೂ ವ್ಯರ್ಥ ಮಾಡಲಿಲ್ಲ. ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದರು, ಫಲಿತಾಂಶಕ್ಕೆ ಕಾಯದೆ ಅಲ್ಲಿಯೇ ಗುಳಿಗೆಗಳನ್ನು ಅತ್ತೆಯ ಬಾಯಿಗೆ ಹಾಕಿ ನುಂಗಿಸಿದರು. ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ಫೋನು ಹಚ್ಚಿ ಮಾತಾಡಿದರು. "ಈಗಿಂದೀಗ ಹೊಂಡ್ರಿ. ನಾಳೆ ಅನಬ್ಯಾಡ್ರಿ" ಎಂದರು. ಲಕ್ಕುಂಡಿಯ ಮದುವೆ ರೊಟ್ಟಿಯ ಗತಿ ಏನಾಯಿತು ಎಂದು ನಾನು ಕೇಳಲೇ ಇಲ್ಲ. ಪಕ್ಕದ ಮನೆಯಾಕೆ ಓಣಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಬಡಿದು ಕಳಿಸಿದಳಂತೆ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಿದ್ದರು. ಹುಲಕೋಟಿ ದಾಟುವಾಗ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಹೊಲಗಳನ್ನು ನೋಡಿದರು, ಆಮೇಲೆ ಬಲಗಣ್ಣು ಮುಚ್ಚಿ ನೋಡಿದರು. ದಾರಿಯುದ್ದಕ್ಕೂ ಹಾಗೆಯೇ ಮಾಡುತ್ತಿದ್ದರು. ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಅಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

ಹುಬ್ಬಳ್ಳಿಯಲ್ಲಿ ಆ ನಾಳದ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಬಾಯಾರು ಹೇಳಿದ್ದೇ ನಿಜವಾಯಿತು. "ಜಲ್ದಿ ಗುಳಿಗಿ ಶುರು ಮಾಡಿದ್ದು ಭಾಳ ಚಲೋ ಆತು, ಕಣ್ಣು ಉಳದಾವ" ಎಂದು ಅಲ್ಲಿನ ಡಾಕ್ಟರು ಹೇಳಿದಾಗ ನಮ್ಮ ಮನೆಯವರು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ವಾಪಸ್ ಊರಿಗೆ ಬಂದ ಮೇಲಿನ ಒಂದು ಬೆಳಗನ್ನು ನಾನು ಸಾಯುವತನಕ ಮರೆಯುವುದಿಲ್ಲ. ಒಲೆಯ ಮುಂದೆ ಅತ್ತ ಮುಖ ಮಾಡಿ ಕೂತಿದ್ದೆ. ಹಿಂದಿನಿಂದ ಸಪ್ಪಳ ಬಂತು. ಕಟಮ್. ಮತ್ತೆ ಕಟಮ್. ಕೈಯಲ್ಲಿನ ಹಿಟ್ಟು ಕೈಯಲ್ಲೇ ಉಳಿಯಿತು. ತಿರುಗಿ ನೋಡಿದರೆ ಅತ್ತೆ ಖಡಕ್ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತ, "ಎಳ್ಳು ಎಲ್ಲಿ ಹಾಕೀಯವಾ? ಇಲ್ಲೊಂದು, ಅಲ್ಲೊಂದು. ಹುಡುಕಬೇಕಾತು" ಎನ್ನುತ್ತಿದ್ದರು. ಎಳ್ಳು ಕಾಣುತ್ತಿತ್ತು ಅವರಿಗೆ! ಒಂದೊಂದು ಕಾಳೂ! ನಾನು ಅಳುತ್ತ ನಗುತ್ತ, "ಕಾಣ್ತಾವಲ್ಲ, ಸಾಕ್ ಬಿಡ್ರಿ" ಎಂದೆ.

ಆ ಗುಳಿಗೆಗಳು ಬಹಳ ದಿನ ನಡೆದವು. ಅತ್ತೆಯ ಮುಖ ಪೂರಿಯ ಹಾಗೆ ಉಬ್ಬಿತು, ಹಸಿವೆ ಹೆಚ್ಚಿತು, ಸಕ್ಕರೆ ಏರದಂತೆ ಬಾಯಾರು ಕಾವಲು ಕಾದರು. ತಾವಾಗಿಯೇ ಗುಳಿಗೆ ನಿಲ್ಲಿಸಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ನೆಂಟರು ಏನೋ ಹೇಳಿದರೆಂದು ಅತ್ತೆ ಒಂದು ದಿನ ಗುಳಿಗೆಯನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡಿದ್ದನ್ನು ನಾನೇ ಬಾಯಾರಿಗೆ ಚಾಡಿ ಹೇಳಿದೆ. "ನೋಡ್ರಿ ಅವ್ವಾ, ಇದಕ್ಕ ನನಗ ಜಗಳಾಡೋರು ಬೇಕು" ಎಂದು ಬಾಯಾರು ನನ್ನ ಬೆನ್ನು ತಟ್ಟಿದರು. ಮೆಲ್ಲಮೆಲ್ಲಗೆ ಗುಳಿಗೆ ಇಳಿಸಿ ಕೊನೆಗೊಮ್ಮೆ ಬಿಡಿಸಿದರು. ಅವತ್ತಿನಿಂದ ಬಾಯಾರ ಮನೆಗೆ ರೊಟ್ಟಿ ನಮ್ಮದೇ. ಅವರಿಗೆ ರೊಟ್ಟಿ ಬಡಿಯಲು ಬಾರದು. ಒಮ್ಮೆ ನಮ್ಮ ಒಲೆಯ ಮುಂದೆ ಪ್ರಯತ್ನ ಮಾಡಿದ್ದರು. ಅದು ಅತ್ತ ರೊಟ್ಟಿಯೂ ಅಲ್ಲ, ಇತ್ತ ನಕಾಶೆಯೂ ಅಲ್ಲ. ಅತ್ತೆ ಅದನ್ನೇ ಕಣ್ಣಿಗೊತ್ತಿಕೊಂಡು ತಿಂದರು, ಒಂದು ಹೆಸರೂ ಇಡಲಿಲ್ಲ, ಒಂದು ಕೊಂಕೂ ತೆಗೆಯಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು ಎಂದು ಬೇರೆ ಹೇಳಬೇಕೇ?

ಬಾಯಾರು ಮೊಣಕಾಲು ನೋವೆಂದು ದವಾಖಾನೆ ಮುಚ್ಚುವ ಮಾತಾಡಿದಾಗ ಯಾರೂ ನಂಬಲಿಲ್ಲ. ಕಡೆಗೆ ಬೀಳ್ಕೊಡುಗೆಯ ದಿನ ಲಕ್ಷ್ಮೇಶ್ವರದಿಂದ, ಶಿರಹಟ್ಟಿಯಿಂದ, ಮುಂಡರಗಿಯಿಂದ ಜನ ಬಂದರು, ಎಲ್ಲರೂ ಜೋಡಿಜೋಡಿಯಾಗಿ. ಮೊದಲು ಹಾರ ಯಾರು ಹಾಕಬೇಕು ಎಂದು ಲಕ್ಷ್ಮೇಶ್ವರದ ಅಣ್ಣತಮ್ಮಂದಿರು ಅಲ್ಲಿಯೂ ಶುರು ಹಚ್ಚಿದರು. ಬಾಯಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೋರ್ಡು ಇಳಿಸಿದರು, ನಗು ನಿಂತಿತು.

ವಾರ ಕಳೆದಿರಲಿಲ್ಲ, ಹೂ ಮಾರುವಾಕೆ ಸುದ್ದಿ ತಂದಳು. "ಬಾಯಾರು ತಲಿಗೆ ಅರಿವಿ ಕಟ್ಟಿಕೊಂಡ ಕುಂತಾರ, ನೋಡಾಕ ಆಗವಲ್ದು." ಅತ್ತೆ ಅರ್ಧ ತಿಂದ ರೊಟ್ಟಿ ಬಿಟ್ಟು ಎದ್ದರು. ರೊಟ್ಟಿ ಬಿಟ್ಟು ಎದ್ದರೆಂದರೆ ತಿಳಿದುಕೊಳ್ಳಿ. ಇಬ್ಬರೂ ಹೋದೆವು.

ಬಾಯಾರು ಬಾಗಿಲು ತೆಗೆದರು. ಮುಖ ಬಾಡಿತ್ತು, ಹಣೆಗೆ ಅರಿವೆ ಇತ್ತು.

"ಹೆಂಗದೀರಿ ಬಾಯಾರ?" ಎಂದರು ಅತ್ತೆ.

"ಆರಾಮ ಅದೀನವಾ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಬಾಯಾರೂ ನಕ್ಕರು, ನಕ್ಕಿದ್ದಕ್ಕೆ ತಲೆ ಹಿಡಿದುಕೊಂಡರು. ಅತ್ತೆ ಒಳಗೆ ಹೋಗಿ ಕುರ್ಚಿ ಬಿಟ್ಟು, ದವಾಖಾನೆಯಿಂದ ತಂದಿಟ್ಟಿದ್ದ ಆ ಹಳೆಯ ಸ್ಟೂಲಿನ ಮೇಲೆಯೇ ಕೂತರು. "ನಿಮ್ಮ ಜೋಡಿ ಮನ್ಯಾಗ ಯಾರು ಜಗಳಾ ಆಡ್ತಾರ? ಅವರನ್ನ ಕರೀರಿ. ಆಮ್ಯಾಲ ತಲಿ ನೋಡೂಣು."

ಬಾಯಾರ ನಗು ಮೆಲ್ಲಗೆ ಇಳಿಯಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಯಾರೂ ಇಲ್ಲವಾ. ಇಷ್ಟ ವರ್ಷ ಎಲ್ಲಾರೂ ನನ್ನ ಮುಂದ ಜಗಳಾ ಆಡಿದ್ರು. ನನ್ನ ಜೋಡಿ ಯಾರೂ ಆಡ್ಲಿಲ್ಲ ನೋಡ್ರಿ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅತ್ತೆಗೆ ಅಂಥದ್ದೆಲ್ಲ ಇಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, "ಅಯ್ಯ, ಇಷ್ಟಕ್ಕ? ನಾ ಇಲ್ಲೇನು?" ಎಂದು ಸುತ್ತ ಕಣ್ಣು ಹಾಯಿಸಿದರು. ಬಾಯಾರು ಉಳಿಸಿಕೊಟ್ಟ ಕಣ್ಣು ಅವು. ಕಟ್ಟೆಯ ಮೇಲೆ ಒಂದು ಕಪ್ಪಿನಲ್ಲಿ ಆರಿದ ಹಸಿರು ನೀರು ಕಂಡಿತು. "ಅದೇನದು, ಮೆಂತ್ಯ ಸೊಪ್ಪ ತೊಳೆದ ನೀರೇನು?"

"ಚಾ ರೀ. ಹಸರು ಚಾ. ತಂಗಿ ಮಗಳು ಕೊಟ್ಟಾಳ, ಆರೋಗ್ಯಕ್ಕ ಚಲೋ ಅಂತ. ದಿನಕ್ಕ ಒಂದ ಕಪ್ಪು."

"ಅದಕ್ಕ ಚಾ ಅಂತೀರೇನು? ನಾಚಿಕಿ ಬರೂದಿಲ್ಲ? ಮುಂಜಾನಿಂದ ಸಂಜಿತನಕ ರೋಗಿಗೊಂದರಂಗ ಕೆಂಪ ಚಾ ಕುಡಿದೋರು, ಈಗ ಈ ಹುಲ್ಲಿನ ನೀರ ಕುಡಕೋತ ಕುಂತ್ರ ತಲಿ ನೋಯದ ಇನ್ನೇನ ನೋಯಬೇಕು?"

"ನನ್ನ ಚಾಕ್ಕ ಹೆಸರಿಡಬ್ಯಾಡ್ರಿ!" ಬಾಯಾರ ದನಿ ಏರಿತು. ಅವರ ಏರಿದ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. "ನಿಮಗೇನ ಗೊತ್ತು, ವಯಸ್ಸಾದ ಮ್ಯಾಲ..." ಎಂದವರು ಮಾತು ಅಲ್ಲಿಗೇ ನಿಲ್ಲಿಸಿದರು. ಬಾಯಿ ತೆರೆದದ್ದು ತೆರೆದೇ ಉಳಿಯಿತು. ಒಂದೇ ಸಲಕ್ಕೆ ಚಾ ಬಿಟ್ಟರೆ ತಲೆ ಹಿಡಿಯುತ್ತದೆ ಎಂದು ಎಷ್ಟು ಜನರಿಗೆ ಅವರೇ ಹೇಳಿರಲಿಲ್ಲ! ಹಣೆಗೆ ಕೈ ಬಡಿದುಕೊಂಡು ನಗತೊಡಗಿದರು, ಕಣ್ಣಲ್ಲಿ ನೀರು ಬರುವತನಕ ನಕ್ಕರು. "ಸಿಕ್ತವಾ, ಸಿಕ್ತು! ನನ್ನ ರೋಗ ನನಗ ಕಾಣ್ಲಿಲ್ಲ ನೋಡು!"

"ನೀವ ಕಲಿಸಿದ್ದು" ಎಂದು ಅತ್ತೆ ನನ್ನ ಕಡೆ ತಿರುಗಿ, "ಏನ್ ನೋಡ್ತಿ? ಚಾ ಇಡು. ಕೆಂಪಗ" ಎಂದರು.

ಈಗ ಬಾಯಾರು ಚಾ ಬಿಡುವುದನ್ನು ಲೆಕ್ಕ ಹಾಕಿ, ದಿನಕ್ಕೆ ಗುಟುಕು ಗುಟುಕಾಗಿ ಇಳಿಸುತ್ತಿದ್ದಾರೆ. ತಲೆನೋವು ಅವತ್ತೇ ಹೋಯಿತು. ಆದರೂ ನಮ್ಮ ಅತ್ತೆ ಸೋಮವಾರಕ್ಕೊಮ್ಮೆ ಒಳ್ಳೆ ಸೀರೆ ಉಟ್ಟು, ರೊಟ್ಟಿಯ ಗಂಟು ಹಿಡಿದು ಹೊರಡುತ್ತಾರೆ. ಎಲ್ಲಿಗೆ ಎಂದು ಓಣಿಯವರು ಕೇಳಿದರೆ, "ಬಾಯಾರ ಕಡೆ ಜಗಳಕ್ಕ ಹೊಂಟೀನಿ, ಹೋದ ವಾರದ್ದು ಇನ್ನೂ ಮುಗದಿಲ್ಲ" ಎನ್ನುತ್ತಾರೆ.